ಕಾಫಿ ಗೋದಾಮಿನ ಫಲಕ

ಕುಂದಾಪುರದ ಸೈಮನ್ ಕುವೈತ್‌ನ ಶುವೈಖ್‌ನಲ್ಲಿ ಹಿತ್ತಾಳೆ ಫಲಕ ಕೆತ್ತುವ ಅಂಗಡಿಯಲ್ಲಿ ಕೆಲಸಕ್ಕಿದ್ದ. ಆ ಗುರುವಾರ ಅವನ ಮುಂದಿದ್ದದ್ದು ಇಥಿಯೋಪಿಯಾಕ್ಕೆ ಹೋಗಬೇಕಾದ ಫಲಕ. ಅಲ್ಲಿನ ಅಂತರ್ಯುದ್ಧದ ಕೊನೆಯ ವರ್ಷ ಸೈನಿಕರು ಶರಣಾದ ಹಳೆಯ ಕಾಫಿ ಗೋದಾಮೊಂದನ್ನು ಊರವರು ಸ್ಮಾರಕ ಮಾಡುತ್ತಿದ್ದರು. ಅದೇ ಊರಿನವನಾದ ದಾವಿತ್, ಕುವೈತ್‌ನಲ್ಲಿ ಇಂಜಿನಿಯರ್, ಫಲಕ ಮಾಡಿಸುತ್ತಿದ್ದ. ಅಲ್ಲಿನ ಲಿಪಿ ಸೈಮನ್‌ಗೆ ಬಾರದು. ಕೆತ್ತುವ ಮುಂಚೆ ತಪ್ಪಿದೆಯೇ ನೋಡಲು, ಅಂಗಡಿ ಗುಡಿಸಿ ಚಹಾ ಮಾಡುವ ಅಲ್ಮಾಜ್‌ಳನ್ನು ಕರೆದ. ಅವಳೂ ಆ ದೇಶದವಳೇ.

ದಾವಿತ್ ಬರೆದುಕೊಟ್ಟ ಕಾಗದವನ್ನು ಅಲ್ಮಾಜ್ ಓದಿದಳು. ಮತ್ತೆ ಮೊದಲಿನಿಂದ ಓದಿದಳು.

“ತಪ್ಪಿದೆಯಾ?” ಎಂದ ಸೈಮನ್, ಇಬ್ಬರಿಗೂ ಬರುವ ಹರಕು ಅರಬ್ಬಿಯಲ್ಲಿ.

“ಅರವತ್ತೊಂದು ಜನ ಶರಣಾದರು ಅಂತ ಬರೆದಿದ್ದಾರೆ. ನನ್ನ ಗಂಡ ಸೈನಿಕ, ಅದೇ ಗೋದಾಮಿನಲ್ಲಿದ್ದ. ಅಲ್ಲಿ ಒಬ್ಬರೂ ಉಳಿಯಲಿಲ್ಲ ಅಂತ ನನಗೆ ಹೇಳಿದ್ದರು.”

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅವಳು ವಿಧವೆಯಾಗಿ ಬದುಕಿದ್ದಳು. ಈಗ ಬಾಗಿಲವರೆಗೆ ಹೋದಳು, ತಿರುಗಿ ಬಂದಳು, ಮತ್ತೆ ಹೋದಳು.

ಮ್ಯಾನೇಜರ್ ಶ್ಯಾಮಸುಂದರ್ ಒಳಗಿನಿಂದಲೇ ಕೂಗಿದರು: “ಏನ್ರೀ ಸೈಮನ್, ನಾಲ್ಕು ಗಂಟೆಗೆ ಪಾರ್ಸೆಲ್ ಹೋಗ್ಬೇಕು! ಯಲ್ಲಾ, ಬೇಗ ಮಿಶಿನ್ ಹಾಕಿ. ಅವರೂರಿನ ಜಗಳ ನಮಗ್ಯಾಕೆ?”

“ಸ್ವಲ್ಪ ನಿಲ್ಲಿ ಸರ್. ಒಂದ್ ಫೋನ್ ಮಾಡ್ತೆ.”

ಶರಣಾದವರ ಹೆಸರನ್ನೆಲ್ಲ ಊರಿನ ಮೇಷ್ಟರು ಅಂದೇ ಬರೆದಿಟ್ಟಿದ್ದರೆಂದು ದಾವಿತ್ ಹೇಳಿದ. ಅವಳ ಗಂಡನ ಹೆಸರು ಬರೆದುಕೊಂಡು, ವಿಚಾರಿಸಲು ಅರ್ಧ ಗಂಟೆ ಕೇಳಿದ. ಆ ಅರ್ಧ ಗಂಟೆ ಅಲ್ಮಾಜ್ ಕೂರಲಿಲ್ಲ. ತೊಳೆದ ಲೋಟಗಳನ್ನೇ ಮತ್ತೆ ತೊಳೆದಳು. ಚಹಾಕ್ಕೆ ನೀರಿಟ್ಟು ಒಲೆ ಹಚ್ಚಲು ಮರೆತಳು.

ಫೋನ್ ಬಂತು. ಸೈಮನ್ ಸ್ಪೀಕರ್ ಹಾಕಿದ.

“ತೆಸ್ಫಾಯ್ ಗೆಬ್ರೆ. ಪಟ್ಟಿಯಲ್ಲಿದ್ದಾನೆ, ಹದಿನೇಳನೆಯ ಹೆಸರು,” ಎಂದ ದಾವಿತ್.

“ಆಮೇಲೆ?” ಅಲ್ಮಾಜ್ ಕೇಳಿದಳು.

“ಎರಡು ದಿನ ಇಟ್ಟುಕೊಂಡು, ದಾರಿಗೆ ರೊಟ್ಟಿ ಕೊಟ್ಟು ಎಲ್ಲರನ್ನೂ ಮನೆಗೆ ಕಳಿಸಿದರಂತೆ.”

“ಮನೆಯಲ್ಲಿ ನಾನೇ ಇದ್ದೆನಲ್ಲ,” ಎಂದಳು ಅವಳು. “ಬರಲಿಲ್ಲ.”

ದಾವಿತ್ ಫೋನ್ ಇಟ್ಟ. ಸೈಮನ್ ಯಂತ್ರ ಚಾಲು ಮಾಡಿದ. ಅಕ್ಷರ ಮೂಡುವಷ್ಟು ಹೊತ್ತೂ ಅವಳು ಪಕ್ಕದಲ್ಲಿ ನಿಂತು ಸೆರಗಿನಂಥ ಬಿಳಿ ಶಾಲಿನ ಅಂಚನ್ನು ಹಿಂಡುತ್ತಿದ್ದಳು. ಸತ್ತನೆಂದು ಅತ್ತದ್ದು ಸುಳ್ಳಾಯಿತೆ, ಬಿಟ್ಟುಹೋದನೆಂದು ಬೈಯಬೇಕೆ, ಅವಳಿಗೇ ತಿಳಿಯಲಿಲ್ಲ.

ಮುಂದಿನ ತಿಂಗಳು ರಜೆ ಹಾಕಿ ಊರಿಗೆ ಹೋದಳು. ರಜೆ ಮುಗಿದರೂ ಬಾರದಿದ್ದಾಗ ಸೈಮನ್ ಫೋನ್ ಮಾಡಿದ.

“ಸಿಕ್ಕಿದನಾ?”

“ಗೋದಾಮಿನಿಂದ ನಮ್ಮೂರಿನ ದಾರಿಯಲ್ಲಿ ನಾಲ್ಕು ಹಳ್ಳಿ ಕೇಳಿದೆ. ಜ್ವರ ಬಂದ ಸೈನಿಕನೊಬ್ಬನಿಗೆ ನೀರು ಕೊಟ್ಟಿದ್ದೆ ಅಂತ ಒಬ್ಬಳು ಮುದುಕಿ ಹೇಳಿದಳು. ಮುಖ ನೆನಪಿಲ್ಲವಂತೆ.”

“ಮತ್ತೆ ಬರೋದು ಯಾವಾಗ?”

“ಇನ್ನೂ ಎರಡು ಹಳ್ಳಿ ಇವೆ.” ಬಸ್ಸಿನ ಹಾರ್ನ್ ಕೇಳಿಸಿತು. “ಇಡ್ತೀನಿ, ಬಸ್ ಬಂತು.”

ದೇಶದ ಹೊರಗೆ ಆರು ತಿಂಗಳು ದಾಟಿದ್ದರಿಂದ ಅವಳ ಇಕಾಮಾ, ಅಂದರೆ ಕುವೈತ್ ವಾಸದ ಪರವಾನಗಿ, ರದ್ದಾಯಿತು. ಶ್ಯಾಮಸುಂದರ್ ಆ ಕೆಲಸಕ್ಕೆ ಬೇರೊಬ್ಬಳನ್ನು ಇಟ್ಟುಕೊಂಡರು.