ಎಂಜಿನ್ನಿಗೆ ಹಚ್ಚಿದ ಪೌಡರು

ಮೂವತ್ತೈದು ವರ್ಷ ಲೇತ್ ಮುಂದೆ ನಿಂತು ಜೀವ ಸವೆಸಿದವರು ಮೇಸ್ತ್ರಿ. ಕಬ್ಬಿಣದ ಮೇಲೆ ಬೆರಳಾಡಿಸಿ, ಕೂದಲೆಳೆಯಷ್ಟು ಏರುಪೇರಿದ್ದರೂ ಹೇಳಿಬಿಡುತ್ತಿದ್ದರು. ನಿವೃತ್ತರಾದ ಮೇಲೆ, ಮದುವೆಯ ಹೊಸದರಲ್ಲಿ ಹೆಂಡತಿಯನ್ನು ಕೂರಿಸಿಕೊಂಡು ಓಡಾಡಿದ್ದ ಮೋಟಾರ್ ಸೈಕಲ್ಲನ್ನು ಮೆಟ್ಟಿಲ ಕೆಳಗಿಂದ ಹೊರಗೆಳೆದರು. ನಟ್ಟು ಬೋಲ್ಟು ಒಂದೂ ಬಿಡದೆ ಬಿಚ್ಚಿ, ತುಕ್ಕು ತೆಗೆದು, ಎರಡು ವರ್ಷ ಅದರ ಹಿಂದೆ ಬಿದ್ದು ಮತ್ತೆ ಕಟ್ಟಿದರು. ಒಂದೇ ಒದೆತಕ್ಕೆ ಸ್ಟಾರ್ಟ್ ಆಯಿತು. ಹೆಂಡತಿ "ಹೊಗೆ, ಹೊಗೆ" ಎನ್ನುತ್ತ ಕಣ್ಣೊರೆಸಿಕೊಂಡರು.

ಮರುದಿನ ಬೆಳಿಗ್ಗೆ ನೋಡಿದರೆ ಎಂಜಿನ್ ಕೆಳಗೆ ಅಂಗೈಯಗಲ ಆಯಿಲ್.

ಮೇಸ್ತ್ರಿ ತಳದ ನಟ್ಟಿಗೆ ಹೊಸ ವಾಷರ್ ಹಾಕಿದರು. ಸೋರಿತು. ಪಕ್ಕದ ಮುಚ್ಚಳ ಬಿಚ್ಚಿ ಅದರಡಿಯ ರಟ್ಟಿನ ಪ್ಯಾಕಿಂಗ್ ಬದಲಿಸಿದರು. ಸೋರಿತು. ಕಿಕ್ಕರ್ ಬುಡದ ಸೀಲ್ ಬದಲಿಸಿದ ಮೇಲಂತೂ ಇನ್ನೂ ಸ್ವಲ್ಪ ಜಾಸ್ತಿಯೇ ಸೋರಿತು. ಪಕ್ಕದ ಮನೆಯ ಪೋಸ್ಟ್‌ಮ್ಯಾನ್ ಕಾಂಪೌಂಡಿನ ಆಚೆಯಿಂದ, "ಕರೆಯದೇ ಕೊಡೋ ಹಸು ಕಟ್ಟಿದ್ದೀರಲ್ಲ ಮೇಸ್ತ್ರಿಗಳೇ!" ಎಂದು ನಕ್ಕ. ನೆಲ ತಿಕ್ಕಿ ತಿಕ್ಕಿ ಸೊಂಟ ಬಿದ್ದಿದ್ದ ಹೆಂಡತಿಗೆ ನಗು ಬರಲಿಲ್ಲ. "ರೀ, ಒಂದೋ ಗಾಡಿ ಇಟ್ಕೊಳ್ಳಿ, ಇಲ್ಲ ನನ್ನ ಇಟ್ಕೊಳ್ಳಿ" ಎಂದರು.

ಸೊಸೆ ಮುಂದಿನ ಕೋಣೆಯಲ್ಲಿ ಹೊಲಿಗೆ ಅಂಗಡಿ ಇಟ್ಟವಳು. ಒಂದು ಭಾನುವಾರ ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಳು.

"ಮಾವ, ತೊಟ್ಟಿಕ್ಕೋ ಜಾಗಾನೇ ಯಾಕೆ ನೋಡ್ತೀರಿ? ಸೂರು ಸೋರಿದ್ರೆ ನೀರು ಗೋಡೆ ಹಿಡಿದು ಇನ್ನೆಲ್ಲೋ ಇಳಿಯಲ್ವಾ?"

"ನನಗೇ ಪಾಠ ಹೇಳ್ತೀಯಾ ತಾಯಿ" ಎಂದರೂ ಮಾತು ಸರಿಯೆನಿಸಿತು. ಎಂಜಿನ್ನನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಸೊಸೆ ತಂದ ಮುಖದ ಪೌಡರನ್ನು ಮೇಲಿಂದ ಕೆಳಗಿನವರೆಗೂ ಉದುರಿಸಿದರು. ಮದುವಣಗಿತ್ತಿ ಹಾಗೆ ನಿಂತ ಗಾಡಿಯನ್ನು ನೋಡಿ ಹೆಂಡತಿಗೂ ನಗು ತಡೆಯಲಾಗಲಿಲ್ಲ. ಹತ್ತು ನಿಮಿಷ ಓಡಿಸಿ ಎಂಜಿನ್ ಆಫ್ ಮಾಡಿದರು.

ಮೇಸ್ತ್ರಿ ಕನ್ನಡಕ ಸರಿಮಾಡಿಕೊಂಡು ಸುತ್ತಲೂ ನೋಡಿದರು. "ಎಲ್ಲಾ ಬೆಳ್ಳಗೇ ಇದೆ."

"ಇಲ್ಲಿ, ಮೇಲೆ. ತಲೆ ಮುಚ್ಚಳದ ಹಿಂದೆ ದಾರದ ಹಾಗೆ ಕಪ್ಪು ಗೆರೆ ಇಳಿದಿದೆ ನೋಡಿ ಮಾವ."

"ಎಲ್ಲಿ?"

"ಇಲ್ಲೇ."

"ಎಲ್ಲಮ್ಮಾ?"

ಗೆರೆ ಅವರ ಮೂಗಿನಿಂದ ಗೇಣು ದೂರದಲ್ಲಿತ್ತು. ಸೊಸೆ ಒಮ್ಮೆ ಅವರ ಮುಖ ನೋಡಿದಳು. ಎಂಜಿನ್ ಬಿಸಿ ಆರುವವರೆಗೆ ಕಾದು, ಅವರ ತೋರುಬೆರಳು ಹಿಡಿದು ಅಲ್ಲಿಟ್ಟಳು. ಜಿಡ್ಡು ತಗುಲಿತು.

ಮುಚ್ಚಳ ಬಿಚ್ಚಿದರೆ, ಹಳೇ ಪ್ಯಾಕಿಂಗಿನ ಉಗುರಗಲದ ಚೂರೊಂದು ಅಂಚಿಗೆ ಕಚ್ಚಿಕೊಂಡಿತ್ತು. ಅದನ್ನು ಕೆರೆದು ತೆಗೆಯದೆ ಮೇಲೆಯೇ ಹೊಸದನ್ನು ಕೂರಿಸಿದ್ದರು. ಕೂರಿಸಿದವರು ಬೇರೆ ಯಾರೂ ಅಲ್ಲ. ಅಂದು ಕಣ್ಣಿಗೆ ಅಂಚು ನಯವಾಗಿ ಕಂಡಿತ್ತು. ಬೆರಳಾಡಿಸುವ ಗೋಜಿಗೇ ಅವರು ಹೋಗಿರಲಿಲ್ಲ.

ಮೇಸ್ತ್ರಿ ಸ್ಪ್ಯಾನರ್ ಕೆಳಗಿಟ್ಟರು. ಗಾಡಿಗೆ ಹಳೇ ಬೆಡ್‌ಶೀಟ್ ಹೊದಿಸಿ ಒಳಗೆ ಹೋದವರು ಎರಡು ದಿನ ಅತ್ತ ಸುಳಿಯಲಿಲ್ಲ. ಊಟಕ್ಕೆ ಕರೆದರೆ ಬಂದರು, ಮಾತಿಗೆ ಕರೆದರೆ ಬರಲಿಲ್ಲ.

ಮೂರನೇ ದಿನ ಮಧ್ಯಾಹ್ನ ತಾವಾಗಿಯೇ ಹೊಲಿಗೆ ಕೋಣೆಗೆ ಬಂದು ಸ್ಟೂಲಿನ ಮೇಲೆ ಕೂತರು. ಸೊಸೆ ಮೆಷಿನ್ ನಿಲ್ಲಿಸಿದಳು.

"ಒಂದು ವರ್ಷದಿಂದ ಎಲ್ಲಾ ಮಂಜು ಮಂಜು. ಬಸ್ಸಿನ ಬೋರ್ಡು ಓದಕ್ಕಾಗಲ್ಲ" ಎಂದರು. "ನಿಮ್ಮತ್ತೆಗೆ ಹೇಳಿಲ್ಲ. ಹೇಳಿದ್ರೆ ಗಾಡಿ ಮುಟ್ಟಕ್ಕೆ ಬಿಡ್ತಿರಲಿಲ್ಲ."

"ಈ ಕಣ್ಣಲ್ಲಿ ಅತ್ತೇನ ಹಿಂದೆ ಕೂರಿಸ್ಕೊಂಡು ಹೋಗ್ತಿದ್ರಾ ಮಾವ?"

ಅವರು ತಲೆ ತಗ್ಗಿಸಿದರು. "ಅದನ್ನ ನೆನೆಸ್ಕೊಂಡೇ ಎರಡು ದಿನದಿಂದ ನಿದ್ದೆ ಇಲ್ಲ ಮಗಳೇ."

ಸೊಸೆ ಕತ್ತರಿ ಎತ್ತಿಟ್ಟು, ಅಂಗಡಿ ಬಾಗಿಲು ಹಾಕಿ, ತನ್ನ ಸ್ಕೂಟರಿನಲ್ಲಿ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. "ಇಷ್ಟು ದಿನ ಏನು ಮಾಡ್ತಿದ್ರಿ?" ಎಂದು ಡಾಕ್ಟರು ಗದರಿದರೆ, "ಆಯಿಲ್ ಎಲ್ಲಿಂದ ಸೋರ್ತಿದೆ ಅಂತ ಹುಡುಕ್ತಿದ್ದೆ" ಎಂದರಂತೆ.

ಆಪರೇಷನ್ನಿಗೆ ಇನ್ನೂ ಒಂದು ವಾರವಿತ್ತು. ಆ ವಾರ ದಿನಾ ಅಂಗಡಿ ಮುಚ್ಚುವ ಮೊದಲು ಸೊಸೆ ಗಾಡಿಯ ಹತ್ತಿರ ಬರುತ್ತಿದ್ದಳು. ಮೇಸ್ತ್ರಿ ಅಂಚಿನ ಮೇಲೆ ಬೆರಳಾಡಿಸಿ "ಇಲ್ಲಿ ಇನ್ನೂ ಇದೆ" ಎನ್ನುವರು, ಅವಳು ಬ್ಲೇಡಿನಿಂದ ಕೆರೆಯುವಳು. ಬೋಲ್ಟುಗಳನ್ನು ಒಂದೇ ಸಲಕ್ಕೆ ಬಿಗಿಯದೆ, ಎದುರುಬದುರು, ಸ್ವಲ್ಪ ಸ್ವಲ್ಪವೇ ಬಿಗಿಯಬೇಕೆಂದು ಕಲಿಸಿದರು. ಇನ್ನೊಂದು ಡಬ್ಬಿ ಪೌಡರು ಖಾಲಿಯಾಯಿತು. ಈ ಸಲ ಗೆರೆ ಇಳಿಯಲಿಲ್ಲ.

ಒಂದು ಕಣ್ಣಿನ ಆಪರೇಷನ್ ಆಯಿತು. ಇನ್ನೊಂದೂ ಮುಗಿಯುವವರೆಗೆ ಗಾಡಿ ಓಡಿಸಕೂಡದು ಎಂದರು ಡಾಕ್ಟರು. ವಿಷಯವೆಲ್ಲ ತಿಳಿದು ವಾರವಿಡೀ ಮುಖ ಊದಿಸಿಕೊಂಡಿದ್ದ ಹೆಂಡತಿ, "ಹಾಗಾದ್ರೆ ಇವಳೇ ಓಡಿಸಲಿ. ನಾನಂತೂ ಕೂತೇ ಕೂರ್ತೀನಿ" ಎಂದುಬಿಟ್ಟರು.

ಬಲಗಾಲಲ್ಲಿ ಗೇರು ಹಾಕುವ ಆ ಕಾಲದ ಗಾಡಿ. ಸೊಸೆ ಖಾಲಿ ರಸ್ತೆಯಲ್ಲಿ ನಾಲ್ಕು ದಿನ ಅಭ್ಯಾಸ ಮಾಡಿದಳು. ಐದನೇ ದಿನ ಅತ್ತೆಯನ್ನು ಕೂರಿಸಿಕೊಂಡು ಹೊರಟಳು. ಕಪ್ಪು ಕನ್ನಡಕ ಹಾಕಿಕೊಂಡು ಗೇಟಿನಲ್ಲಿ ನಿಂತಿದ್ದ ಮೇಸ್ತ್ರಿ, ಎಂಜಿನ್ ತಿಣುಕುವ ಸದ್ದು ಕೇಳಿ, "ಗೇರು ಇಳಿಸಮ್ಮಾ! ಬಲಗಾಲು, ಬಲಗಾಲು!" ಎಂದು ಕೂಗುತ್ತ ಬೀದಿಗೆ ಓಡಿದರು. ಗಾಡಿ ಒಮ್ಮೆ ಕೆಮ್ಮಿ ಸರಿಹೋಯಿತು. ತಿರುವಿನಲ್ಲಿ ಹೆಂಡತಿ ಹಿಂದೆ ತಿರುಗಿ ನಗುತ್ತ ಕೈಬೀಸಿದ್ದು ಅವರಿಗೆ ಅಷ್ಟು ದೂರದಿಂದಲೂ ಚೆನ್ನಾಗಿ ಕಂಡಿತು.