ಸಂಜೆ ಕಾಲೇಜಿನ ಮೋಹಿನಿ

ತಾನು ಓದಿದ ಸಂಜೆ ಕಾಲೇಜಿನ ಕತೆಯನ್ನು ಮೋಹಿನಿ ಮಕ್ಕಳಿಗೆ ಯಾವಾಗಲೂ ಕಷ್ಟದ ಕತೆಯೆಂದೇ ಹೇಳುತ್ತಿದ್ದಳು. ಹಗಲೆಲ್ಲ ಮಂಗಳೂರಿನ ಹಂಪನಕಟ್ಟೆಯ ಬಟ್ಟೆ ಅಂಗಡಿಯಲ್ಲಿ ಸೀರೆ ಬಿಡಿಸಿ ತೋರಿಸುವುದು, ಸಂಜೆಯಾದ ಕೂಡಲೇ ಕಾಲೇಜಿಗೆ ಓಟ. ಕ್ಯಾಂಟೀನಿನಲ್ಲಿ ಒಂದು ಬನ್ಸ್, ಅರ್ಧ ಚಹಾ. ಆಮೇಲೆ ಕರೆಂಟು ಹೋದರೂ ನಿಲ್ಲದ ಅಕೌಂಟೆನ್ಸಿ ಪಾಠ. ಪಾಠ ಮಾಡುವವರೂ ಬ್ಯಾಂಕಿನಲ್ಲಿ ದುಡಿದು ದಣಿದು ಬಂದವರೇ. ಫೀಸು ಅಂಗಡಿಯ ಸಂಬಳದಲ್ಲೇ ಹೋಗಿ, ತಂಗಿಗೆ ರಿಬ್ಬನ್ ಕೊಳ್ಳುವಷ್ಟು ಮಿಗುತ್ತಿತ್ತು. ಆ ಬಿ.ಕಾಂ. ನಂಬಿಯೇ ಅವಳು ಒಮಾನಿಗೆ ಬಂದು, ಮಸ್ಕತ್ತಿನ ಹತ್ತಿರದ ಅಲ್ ಅಮೇರಾತ್‌ನ ಪೈಂಟ್ ಕಂಪೆನಿಯೊಂದರಲ್ಲಿ ಲೆಕ್ಕ ನೋಡುತ್ತಾ ಉಳಿದದ್ದು.

ಮಗಳು ಪ್ರಣೀತಾಗೆ ಆ ಪಾಡು ಬೇಡವೆಂದು ಅಮೆರಿಕಕ್ಕೆ ಕಳಿಸಿದರು. ಗಂಡ ಪ್ರೇಮನಾಥ ಮೂಲ್ಕಿಯ ಸೈಟು ಅಡವಿಟ್ಟು ಸಾಲ ಎತ್ತಿದ. ಓದು ಮುಗಿದರೂ ಅಲ್ಲಿ ನಿಲ್ಲುವ ವೀಸಾ ಸಿಗದೆ ಪ್ರಣೀತಾ ಮಸ್ಕತ್ತಿಗೇ ಮರಳಿ ಕೆಲಸ ಹಿಡಿದಳು. ಸಂಬಳದ ಹೆಚ್ಚಿನ ಪಾಲು ಬಡ್ಡಿಗೆ ಹೋಗುತ್ತಿತ್ತು, ಅಸಲು ಕದಲುತ್ತಿರಲಿಲ್ಲ.

ಈ ವರ್ಷ ಮಗ ವಿಕಾಸನಿಗೂ ಅಮೆರಿಕದಲ್ಲಿ ಸೀಟು ಬಂತು. ಶುಕ್ರವಾರ ಊಟವಾದ ಮೇಲೆ ಪ್ರೇಮನಾಥ, ಊರಿನ ಮನೆಯನ್ನೂ ಅಡವಿಟ್ಟರೆ ಬ್ಯಾಂಕಿನವರು ಕೊಡುತ್ತಾರೆ ಎಂದ. ಪ್ರಣೀತಾ ತನ್ನ ಸಹಪಾಠಿ ಜೋಶುವಾನ ವಿಷಯ ತೆಗೆದಳು. ಅಮೆರಿಕದವನೇ. ಅವನ ತಾಯಿ ಶಾಲೆಯ ಟೀಚರು. ಅವರು ತಾವು ಓದಲು ಮಾಡಿದ ಸಾಲ ತೀರುವ ಮೊದಲೇ ಮಗನ ಸಾಲಕ್ಕೂ ಸಹಿ ಹಾಕಿದ್ದರು. ಈಗ ತಾಯಿ ಮಗ ಇಬ್ಬರೂ ಕಟ್ಟುತ್ತಿದ್ದಾರೆ.

"ಅಲ್ಲಿಯವರ ಗತಿಯೇ ಹಾಗುಂಟು, ಅಪ್ಪ," ಎಂದು ಅವಳು ತಾಯಿಯ ಕಡೆ ತಿರುಗಿದಳು. "ಅಮ್ಮ, ನಿನ್ನ ಕಾಲೇಜಿನ ಕತೆ ಈ ವಿಕಾಸನಿಗೆ ಇನ್ನೊಮ್ಮೆ ಹೇಳು."

"ಅದೆಂಥ ಕತೆ? ಬಡತನದ್ದು."

"ಡಿಗ್ರಿ ಕೈಗೆ ಬಂದ ದಿನ ನಿನ್ನ ತಲೆ ಮೇಲೆ ಸಾಲ ಇರ್ಲಿಲ್ಲ. ನನಗೆ ಅದು ಶ್ರೀಮಂತರ ಕತೆಯ ಹಾಗೆ ಕೇಳ್ತದೆ."

ಮೋಹಿನಿಗೆ ತಾನು ಯಾವತ್ತೂ ಹೇಳದೆ ಬಿಟ್ಟದ್ದೊಂದು ನೆನಪಾಯಿತು. ರಿಸಲ್ಟ್ ಬಂದ ದಿನ ಅವಳೂ ಗೆಳತಿ ನಝೀರಾಳೂ ಐಸ್‌ಕ್ರೀಮ್ ತಿಂದು, ಬಸ್ಸು ಬಿಟ್ಟು ಸಮುದ್ರದ ಗಾಳಿಗೆ ನಡೆದುಕೊಂಡೇ ಹೋಗಿದ್ದರು. ಮುಂದೇನು ಮಾಡ್ತಿ ಎಂದು ನಝೀರಾ ಕೇಳಿದ್ದಳು. ಮನಸ್ಸಿಗೆ ಬಂದದ್ದು ಮಾಡ್ತೇನೆ ಎಂದು ಅಂದು ಹೇಳಿದ್ದನ್ನು, ಆಗಿನ ಆ ಹಗುರವನ್ನು, ಮೋಹಿನಿ ಈಗ ಮೊದಲ ಸಲ ಮಕ್ಕಳಿಗೆ ಹೇಳಿದಳು. ವಿಕಾಸ ಫೋನು ಕೆಳಗಿಟ್ಟು ಕೇಳಿದ.

ಸಾಲ ಮಾಡಿ ಅಮೆರಿಕಕ್ಕೆ ಹೋಗುವುದು ಬೇಡವೆಂದು ಒಪ್ಪಲು ಅವನಿಗೆ ಸಮಯ ಹಿಡಿಯಿತು. ಗೆಳೆಯರೆಲ್ಲ ಹೊರಟಿದ್ದಾರೆಂದು ಕೆಲವು ದಿನ ಮುಖ ಊದಿಸಿಕೊಂಡಿದ್ದ. ಒಮಾನಿನಲ್ಲೇ ಬರ್ಕಾದಲ್ಲಿದ್ದ ನೆಂಟರಿಗೆಲ್ಲ ಹೇಳಿಯಾಗಿದ್ದರಿಂದ ಪ್ರೇಮನಾಥನೂ ಮುಜುಗರಪಟ್ಟ. ಕೊನೆಗೊಂದು ಸಂಜೆ ವಿಕಾಸನೇ ಬಂದು, ಮಂಗಳೂರಿನ ಸರಕಾರಿ ಕಾಲೇಜು ನೋಡುವ ಎಂದ.

ರಜೆ ಹಾಕಿ ಮೋಹಿನಿಯೇ ಕರೆದುಕೊಂಡು ಹೋದಳು. ಅವಳ ಸಂಜೆ ಕಾಲೇಜು ಈಗಿಲ್ಲ; ಆ ಕಟ್ಟಡದಲ್ಲಿ ಮೊಬೈಲು ಅಂಗಡಿಗಳಿದ್ದವು. ಮೆಟ್ಟಿಲ ಬುಡದಲ್ಲಿ ತುಸು ಹೊತ್ತು ನಿಂತಳು. ಕ್ಲಾಸು ಯಾವ ಮಾಳಿಗೆಯಲ್ಲಿತ್ತು ಎಂದು ವಿಕಾಸ ಕೇಳಿದ. ಅವಳು ತೋರಿಸಿದಳು. ಅವನು ಮೇಲೆ ನೋಡಿ, "ಸರಿ, ಬಾ ಅಮ್ಮ. ಅಡ್ಮಿಷನ್ ಕೌಂಟರು ಮುಚ್ಚುವ ಮೊದಲು ಹೋಗುವ," ಎಂದು ಅವಳ ಕೈಯಿಂದ ಚೀಲ ತೆಗೆದುಕೊಂಡ.