ದೇವಕ್ಕನ ಕಣ್ಣು ಹೋದ ಕಡೆ

ರಾಮಲಿಂಗಪ್ಪ ಮಾಸ್ತರರ ಬ್ಲಾಗು ತೆರೆದಾಗ ಶೀತಲಳಿಗೆ ಮೊದಲು ನಗು ಬಂತು, ಆಮೇಲೆ ಕೆಡುಕೆನಿಸಿತು. ಕಟಕೋಳದ ಸಾಲೆಯಲ್ಲಿ ಅವಳಿಗೆ ಕನ್ನಡ ಕಲಿಸಿದವರು ಅವರು. ನಿವೃತ್ತರಾಗಿ ಬೈಲಹೊಂಗಲಕ್ಕೆ ಬಂದ ಮೇಲೆ ಊರೂರು ತಿರುಗಿ, ಮಂದಿ ಮರೆಯುತ್ತಿರುವ ಮಾತುಗಳನ್ನು ಕೂಡಿಹಾಕಿ ಬರೆಯುತ್ತಿದ್ದರು. ಬರಹ ಬೆಣ್ಣೆಯಂಥದ್ದು. ಆದರೆ ಆ ಪುಟ! ಹಳದಿಯ ಮೇಲೆ ಕೆಂಪು ಅಕ್ಷರ, ಮಿಣಮಿಣ ಎನ್ನುವ ದೀಪ, ನೆತ್ತಿಯ ಮೇಲೆ ಓಡುವ ಸುಭಾಷಿತ, ಬದಿಗೆ ನಲವತ್ತು ಕೊಂಡಿಗಳು. ಎರಡು ವರ್ಷದಲ್ಲಿ ಬಂದ ಪ್ರತಿಕ್ರಿಯೆ ಮೂರು. ಅದರಲ್ಲಿ ಎರಡು ಅವರ ಅಳಿಯನವು.

"ಮಂದಿಗೆ ಓದೂ ಚಟಾನ ಹೋಗೇತಿ ಶೀತಲಾ," ಎಂದರು ಮಾಸ್ತರರು.

ಶೀತಲ ಈಗ ಬೈಲಹೊಂಗಲದ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದಳು. ಕಲಿಸಿದ ಗುರುವಿಗೇ ಪಾಠ ಹೇಳುವ ಧೈರ್ಯ ಅವಳಿಗಿರಲಿಲ್ಲ. "ಸರ್, ಒಂದ್ ಪರೀಕ್ಷಾ ಮಾಡೂಣ್ರಿ. ಪರೀಕ್ಷಾ ಓದವ್ರಿಗಲ್ಲ, ಪುಟಕ್ಕ. ಆದ್ರ ನೀವು ಒಂದ್ ಮಾತೂ ಆಡಬಾರದು. ಬರೇ ನೋಡ್ರಿ."

ಮಾಸ್ತರರ ಕೆಳಮನೆಯಲ್ಲಿ ಬಟ್ಟೆ ಹೊಲಿಯುವ ದೇವಕ್ಕನನ್ನು ಕರೆದರು. ಪೊಟ್ಟಣ ಕಟ್ಟಿದ ಕಾಗದವನ್ನೂ ಬಿಡದೆ ಓದುವಾಕೆ ಆಕೆ. ಶೀತಲ ಫೋನು ಕೊಟ್ಟು, "ಸಿಂಬಿ ಬಗ್ಗೆ ಸರ್ ಏನ್ ಬರದಾರ, ಹುಡುಕ್ರಿ ಅಕ್ಕಾ," ಎಂದಳು. ತಲೆಯ ಮೇಲೆ ಕೊಡ ಹೊರುವಾಗ ಅದರ ಕೆಳಗೆ ಇಟ್ಟುಕೊಳ್ಳುವ ಸುರುಳಿಯೇ ಸಿಂಬಿ.

ದೇವಕ್ಕನ ಕಣ್ಣು ಮೊದಲು ದೀಪಕ್ಕೆ ಹೋಯಿತು, ಅಲ್ಲಿಂದ ಸುಭಾಷಿತದ ಬೆನ್ನು ಹತ್ತಿತು. ಬೆರಳು ಕೊಂಡಿಗಳ ಮೇಲೆ ಏರಿ ಇಳಿದು, ಗಾದೆಗಳ ಪುಟ ತೆರೆದು, ತಿರುಗಿ ಬಂತು. ಮಾಸ್ತರರ ಕೈ ಎರಡು ಸಲ ಮುಂದೆ ಚಾಚಿತು. ಶೀತಲ ಕಣ್ಣಲ್ಲೇ ತಡೆದಳು.

ಕೊನೆಗೆ ದೇವಕ್ಕ ಫೋನು ಕೆಳಗಿಟ್ಟಳು. "ಸಿಗವಲ್ತ್ರಿ ಸರ. ನಾ ಶಾಣ್ಯಾಕಿ ಅಲ್ರಿ, ಇವೆಲ್ಲಾ ನನ್ನ ತಲಿಗಿ ಹತ್ತಂಗಿಲ್ಲ."

ಮಾಸ್ತರರ ಮುಖ ಬಿಳುಪೇರಿತು. ಪಾಠ ತಿಳಿಯದ ಮಕ್ಕಳಿಗೆ 'ನೀ ದಡ್ಡ ಅಲ್ಲೋ, ನಾನಽ ಸರಿಯಾಗಿ ಹೇಳಿಲ್ಲ' ಎಂದು ಮೂವತ್ನಾಲ್ಕು ವರ್ಷ ಹೇಳಿದ ಬಾಯಿ ಅದು.

"ತಪ್ಪು ನಿಂದಲ್ಲ ಯವ್ವಾ, ನನ್ನ ಪುಟದ್ದು," ಎಂದವರು ಶೀತಲಳ ಕಡೆ ತಿರುಗಿದರು. "ಏನ್ ಮಾಡೂದೈತಿ ಹೇಳು."

ನಾಲ್ಕು ಸಂಜೆ ಕೆಲಸ ನಡೆಯಿತು, ಜಗಳವೂ ನಡೆಯಿತು.

"ದೀಪ ಇರಲಿ ಬಿಡು, ಚಂದ ಐತಿ."

"ಅಲುಗೂದು ಕಂಡ್ರ ಕಣ್ಣು ಅತ್ತ ಓಡೂದಽ ರೀ ಸರ್. ನಿಮ್ಮ ಮಾತು ಯಾರ ಓದಬೇಕು?"

ದೀಪ ಆರಿತು. ಸುಭಾಷಿತ ಓಟ ಬಿಟ್ಟು ಪುಟದ ಅಡಿಯಲ್ಲಿ ಸುಮ್ಮನೆ ಕೂತಿತು. ನಲವತ್ತು ದಾರಿ ತೋರಿಸಿದರೆ ಮಂದಿ ಯಾವ ದಾರಿಯನ್ನೂ ಹಿಡಿಯುವುದಿಲ್ಲ ಎಂದು ಶೀತಲ ಕೊಂಡಿಗಳನ್ನು ನಾಲ್ಕಕ್ಕೆ ಇಳಿಸಿದಳು. ಬಿಳಿಯ ಮೇಲೆ ಕಪ್ಪು ಅಕ್ಷರ, ಪುಟಕ್ಕೊಂದೇ ಮಾತು, ಕೊನೆಗೊಂದು ಪ್ರಶ್ನೆ. ಪ್ರಶ್ನೆಯನ್ನು ಮಾಸ್ತರರೇ ಬರೆದರು: 'ಸಿಂಬಿಯ ಸಾಂಸ್ಕೃತಿಕ ಮಹತ್ವವನ್ನು ಕುರಿತು ನಿಮ್ಮ ಅಭಿಪ್ರಾಯ ತಿಳಿಸಿರಿ.'

ದೇವಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಇದು ಹತ್ತು ಮಾರ್ಕಿನ ಪ್ರಶ್ನಿ ಆತ್ರಿ ಸರ! 'ನಿಮ್ಮ ಮನ್ಯಾಗ ಸಿಂಬಿ ಯಾತರಾಗ ಮಾಡ್ತಿದ್ರು' ಅಂತ ಕೇಳ್ರಿ, ಸಾಕು."

ಹಾಗೇ ಕೇಳಿದರು. ಇಷ್ಟು ದಿನ ಸುಮ್ಮನೆ ಇಣುಕಿ ಹೋಗುತ್ತಿದ್ದವರಿಂದಲೇ ಮೊದಲ ದಿನ ಇಪ್ಪತ್ತಾರು ಉತ್ತರ. ಹಳೇ ಇಳಕಲ್ಲ ಸೀರೆ ಎಂದಿತು ಮುನವಳ್ಳಿ. ಜೋಳದ ರವದಿ ಎಂದಿತು ಕಟಕೋಳ. ಆ ಒಣಗಿದ ಎಲೆ ತಲೆಗೆ ಚುಚ್ಚುವುದಿಲ್ಲವೇ ಎಂದು ಯಾರೋ ಕೆಣಕಿ, ಎರಡೂರಿನವರು ಮಾಸ್ತರರ ಪುಟದಲ್ಲೇ ವಾದಕ್ಕಿಳಿದರು. ಶೀತಲ ಕಾಲೇಜಿನಲ್ಲಿ ಪಾಠ ಮಾಡುತ್ತಿರುವಾಗಲೇ ಫೋನು ಮಾಡಿದ ಮಾಸ್ತರರಿಗೆ ಖುಷಿಯಲ್ಲಿ ಉಸಿರೇ ಸಾಲುತ್ತಿರಲಿಲ್ಲ: "ಶೀತಲಾ, ಮಂದಿ ಜಗಳಾಡಾಕ ಹತ್ಯಾರ!"

ಮುನವಳ್ಳಿಯ ಸಪ್ನಾ ಎಂಬಾಕೆ, 'ನಮ್ಮ ಅಜ್ಜಿ ಮಾಡಿ ತೋರಿಸ್ತಾಳಂತ, ಬರ್ರಿ' ಎಂದು ಬರೆದಳು. ಆದಿತ್ಯವಾರ ಮೂವರೂ ಬಸ್ಸು ಹತ್ತಿದರು. ಅಜ್ಜಿ ಕೆಂಪವ್ವ ಸೀರೆಯ ತುಂಡನ್ನು ಎರಡೇ ಸುತ್ತಿನಲ್ಲಿ ಸಿಂಬಿ ಮಾಡಿ, ಮಾಸ್ತರರ ಬೋಳುತಲೆಯ ಮೇಲಿಟ್ಟು, ತುಂಬಿದ ಕೊಡ ಏರಿಸಿಯೇ ಬಿಟ್ಟಳು.

"ಕೈ ಬಿಡ್ರಿ ಮಾಸ್ತರ, ನಡೀರಿ!"

ಮಾಸ್ತರರು ಅಂಗಳದಲ್ಲಿ ಏಳು ಹೆಜ್ಜೆ ನಡೆದರು. ನೀರು ತುಳುಕಿ ಮೀಸೆಯಿಂದ ಇಳಿಯಿತು. ದೇವಕ್ಕ ನಕ್ಕು ನಕ್ಕು ಕಟ್ಟೆಯ ಮೇಲೆ ಕೂತುಬಿಟ್ಟಳು. ಶೀತಲಳಿಗೆ ನಗುವಿನಲ್ಲಿ ಕೈ ನಿಲ್ಲದೆ, ತೆಗೆದ ಫೋಟೋಗಳೆಲ್ಲ ಅಲುಗಿದವು.